ರಾಜ್ಯಕ್ಕೊಂದು ಸ್ವಂತ ರಕ್ಷಣಾ ಪಡೆ ಬೇಕೆ?

ಪ್ರಶ್ನೆ: ಹ್ಯೂಸ್ಟನ್ ವಾಸಿ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯ ಕಡೆಯವನು; 15 ವರ್ಷಗಳಿಂದ ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿದ್ದೇನೆ. ಒಂದು ವಿಷಯದಲ್ಲಿ ಏನು ತೀರ್ಮಾನಿಸಬೇಕೆಂದು ತೋಚದೆ ಬರೆಯುತ್ತಿದ್ದೇನೆ. ಕಾನೂನನ್ನೂ ಇತಿಹಾಸವನ್ನೂ ಬಲ್ಲವರು ಇಲ್ಲಿರುವುದರಿಂದ ತುಸು ವಿವರವಾಗಿಯೇ ಕೇಳುತ್ತೇನೆ.

2017ರ ಆಗಸ್ಟ್ ಕೊನೆಯಲ್ಲಿ ಹಾರ್ವಿ ಚಂಡಮಾರುತ ಟೆಕ್ಸಸ್ ಕರಾವಳಿಗೆ ಅಪ್ಪಳಿಸಿದಾಗ, ಮಲೆನಾಡಿನ ಆಷಾಢದ ಮಳೆಯಲ್ಲಿ ಬೆಳೆದ ನನಗೂ ಅಂಥ ಮಳೆ ಹೊಸದಾಗಿತ್ತು. ಊರಿನಿಂದ ಬಂದಿದ್ದ ನನ್ನ ತಾಯಿ ಆಗ ನಮ್ಮ ಮನೆಯಲ್ಲಿದ್ದರು. ನಗರದ ಪಶ್ಚಿಮಕ್ಕಿರುವ ಆಡಿಕ್ಸ್ ಮತ್ತು ಬಾರ್ಕರ್ ಜಲಾಶಯಗಳಿಂದ ನೀರು ಬಿಡಲೇಬೇಕಾಗಿ ಬಂದ ಮೇಲೆ ನಮ್ಮ ಬಡಾವಣೆಗೂ ನೀರು ನುಗ್ಗಿತು. ಮಹಡಿಯ ಮೆಟ್ಟಿಲುಗಳಲ್ಲಿ ನಾಲ್ಕನೆಯದರವರೆಗೆ ನೀರು ಏರಿದ ಮೇಲೆ ಯಾರೋ ಪುಣ್ಯಾತ್ಮರ ಮೀನುಗಾರಿಕೆಯ ದೋಣಿಯಲ್ಲಿ ಕುಳಿತು, ಶಾಲೆಯೊಂದರ ಆಟದ ಸಭಾಂಗಣದಲ್ಲಿ ತೆರೆದಿದ್ದ ಪರಿಹಾರ ಕೇಂದ್ರವನ್ನು ಸೇರಿದೆವು.

ಅಲ್ಲಿ ಸೈನಿಕರ ಸಮವಸ್ತ್ರ ತೊಟ್ಟ ಒಬ್ಬರು ಬಂದವರೆಲ್ಲರ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಅದನ್ನು ಸ್ಕ್ಯಾನ್ ಮಾಡಿ, ಯಾರು ಎಲ್ಲಿಂದ ಬಂದರು, ಯಾವ ಕೇಂದ್ರದಲ್ಲಿದ್ದಾರೆ ಎಂದು ದಾಖಲಿಸುತ್ತಿದ್ದರು. ಇಂಗ್ಲಿಷ್ ಬಾರದ ನನ್ನ ತಾಯಿಯ ಮುಂದೆ ಅವರು ಮಂಡಿಯೂರಿ ಕುಳಿತು, ನನ್ನ ಮೂಲಕ ಒಂದೊಂದೇ ಪ್ರಶ್ನೆ ಕೇಳಿ, ಮನೆಯಲ್ಲೇ ಉಳಿದುಹೋದ ರಕ್ತದೊತ್ತಡದ ಮಾತ್ರೆಯ ಹೆಸರನ್ನು ಬರೆದುಕೊಂಡರು. ಸಂಜೆಯೊಳಗೆ ಮಾತ್ರೆ ಬಂತು. ಮರುದಿನ ಮಾತಿಗೆ ಕುಳಿತಾಗ ತಿಳಿದದ್ದು, ಅವರು ಸೈನ್ಯದವರೂ ಅಲ್ಲ, ರಾಜ್ಯಗಳ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನವರೂ ಅಲ್ಲ. ಒಂದು ಪ್ರೌಢಶಾಲೆಯ ಗಣಿತದ ಮೇಷ್ಟ್ರು. ಎದೆಯ ಪಟ್ಟಿಯ ಮೇಲೆ ಇದ್ದದ್ದು ಟೆಕ್ಸಸ್ ಸ್ಟೇಟ್ ಗಾರ್ಡ್ ಎಂಬ ಹೆಸರು. ವಾರಾಂತ್ಯದ ಕವಾಯತಿಗೆ ಸಂಬಳವಿಲ್ಲ, ರಾಜ್ಯ ಕರೆದು ಕೆಲಸಕ್ಕೆ ಹಚ್ಚಿದ ದಿನಗಳಿಗೆ ಮಾತ್ರ ಭತ್ಯೆ. "ನಮ್ಮನ್ನು ಕರೆಯುವವರು ಗವರ್ನರ್ ಮಾತ್ರ, ವಾಷಿಂಗ್ಟನ್ ನಮ್ಮನ್ನು ಕರೆದೊಯ್ಯುವಂತಿಲ್ಲ" ಎಂದು ಅವರು ಹೇಳಿದ್ದು ನನಗೆ ಆಗ ಪೂರ್ತಿಯಾಗಿ ಅರ್ಥವಾಗಿರಲಿಲ್ಲ.

ಈಗ ನನ್ನ ಸಹೋದ್ಯೋಗಿಯೊಬ್ಬರು ಆ ಪಡೆಗೆ ಸೇರಿದ್ದಾರೆ, ನನ್ನನ್ನೂ ಸೇರುವಂತೆ ಒತ್ತಾಯಿಸುತ್ತಿದ್ದಾರೆ. ತಾಯಿಯ ಮಾತ್ರೆಯನ್ನು ನೆನೆದರೆ ನಾಳೆಯೇ ಸೇರಬೇಕೆನಿಸುತ್ತದೆ. ಆದರೆ ಇದೇ ಪಡೆಯವರನ್ನು 2021ರಲ್ಲಿ ಆರಂಭವಾದ ಮೆಕ್ಸಿಕೊ ಗಡಿಯ ಕಾರ್ಯಾಚರಣೆಗೂ ಕಳುಹಿಸಲಾಗಿದೆ. 2015ರಲ್ಲಿ ದೇಶದ ಸೇನೆಯೇ ಟೆಕ್ಸಸ್‌ನಲ್ಲಿ ಜೇಡ್ ಹೆಲ್ಮ್ ಎಂಬ ತಾಲೀಮು ನಡೆಸಿದಾಗ ಅದರ ಮೇಲೆ ಕಣ್ಣಿಡಲು ಗವರ್ನರ್ ಇದೇ ಪಡೆಗೆ ಸೂಚಿಸಿದ್ದರು. ಒಂದು ದೇಶದೊಳಗೆ ಅಧ್ಯಕ್ಷರ ಕೈಗೆ ಸಿಗದ ಇನ್ನೊಂದು ಸಮವಸ್ತ್ರ ಇರುವುದು ಒಳ್ಳೆಯದೆ? ನ್ಯಾಷನಲ್ ಗಾರ್ಡ್ ಇರುವಾಗ ಇದರ ಅಗತ್ಯವೇನು? ನಮ್ಮ ದೇಶದಲ್ಲಿ ರಾಜ್ಯಗಳಿಗೆ ಇಂಥದ್ದನ್ನು ಏಕೆ ಬಿಟ್ಟಿಲ್ಲ? ದಯವಿಟ್ಟು ತಿಳಿದವರು ಬರೆಯಿರಿ.

ಉತ್ತರ 1: ಮಿನೆಸೋಟದಿಂದ

ನಮಸ್ಕಾರ. ನಾನು ಇಲ್ಲಿನ ವಕೀಲರ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ತಮ್ಮ ಎರಡನೆಯ ಪ್ರಶ್ನೆಗೆ ಉತ್ತರ ನಾನಿರುವ ರಾಜ್ಯದ ಮೊಕದ್ದಮೆಯೊಂದರಲ್ಲೇ ಇದೆ, ಆದ್ದರಿಂದ ಅಲ್ಲಿಂದ ಆರಂಭಿಸುತ್ತೇನೆ.

ನ್ಯಾಷನಲ್ ಗಾರ್ಡ್ ಹೆಸರಿಗೆ ರಾಜ್ಯದ ಪಡೆಯಾದರೂ ಅದಕ್ಕೆ ಇಬ್ಬರು ಯಜಮಾನರು. 1903ರ ಕಾಯಿದೆ ಹಳೆಯ ಮಿಲಿಶಿಯಾಗಳನ್ನು, ಅಂದರೆ ನಾಗರಿಕರಿಂದ ಕಟ್ಟಿದ ಪಡೆಗಳನ್ನು, ಒಂದು ಕ್ರಮಕ್ಕೆ ತಂದು ಕೇಂದ್ರದ ಹಣವನ್ನೂ ಶಸ್ತ್ರವನ್ನೂ ಒದಗಿಸಿತು. 1933ರ ನಂತರ ರಾಜ್ಯದ ಗಾರ್ಡ್‌ಗೆ ಸೇರುವ ಪ್ರತಿಯೊಬ್ಬರೂ ಅದೇ ಗಳಿಗೆಯಲ್ಲಿ ದೇಶದ ಮೀಸಲು ಸೇನೆಗೂ ಸೇರಿದಂತಾಯಿತು. ಕೇಂದ್ರ ಕರೆಯುವ ತನಕ ಅವರು ಗವರ್ನರ್ ಕೈಕೆಳಗಿನವರು, ಕರೆದ ಕ್ಷಣದಿಂದ ಅಧ್ಯಕ್ಷರ ಕೈಕೆಳಗಿನವರು. 1980ರ ದಶಕದಲ್ಲಿ ಗಾರ್ಡ್ ತುಕಡಿಗಳನ್ನು ತರಬೇತಿಯ ಹೆಸರಿನಲ್ಲಿ ಮಧ್ಯ ಅಮೆರಿಕಕ್ಕೆ ಕಳುಹಿಸತೊಡಗಿದಾಗ ಕೆಲವು ಗವರ್ನರುಗಳು ಒಪ್ಪಿಗೆ ನಿರಾಕರಿಸಿದರು. 1986ರಲ್ಲಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾನೂನನ್ನೇ ತಿದ್ದಿ, ಹೋಗುವ ಸ್ಥಳ, ಉದ್ದೇಶ, ಬಗೆ ಅಥವಾ ವೇಳೆ ಸರಿಯಿಲ್ಲವೆಂಬ ಕಾರಣಕ್ಕೆ ಗವರ್ನರ್ ಒಪ್ಪಿಗೆ ತಡೆಹಿಡಿಯುವಂತಿಲ್ಲ ಎಂದಿತು. ಮಿನೆಸೋಟದ ಗವರ್ನರ್ ರೂಡಿ ಪರ್ಪಿಚ್ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1990ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ವಾದವನ್ನು ತಳ್ಳಿಹಾಕಿತು.

ಆ ತೀರ್ಪಿನಲ್ಲಿ ತಮಗೆ ಬೇಕಾದ ಅಂಶ ಇನ್ನೊಂದಿದೆ. ಗಾರ್ಡ್ ಇಲ್ಲದೆ ಹೋದರೆ ರಾಜ್ಯದ ಗತಿಯೇನು ಎಂಬ ಅಳುಕಿಗೆ ನ್ಯಾಯಾಲಯ ತೋರಿಸಿದ್ದು ಸ್ಟೇಟ್ ಗಾರ್ಡ್‌ಗಳತ್ತ. ಶಾಂತಿಕಾಲದಲ್ಲಿ ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಯಾವ ರಾಜ್ಯವೂ ಸೈನ್ಯ ಇಡುವಂತಿಲ್ಲ ಎಂದು ಇಲ್ಲಿನ ಸಂವಿಧಾನದ ಮೊದಲ ಅನುಚ್ಛೇದದ 10ನೆಯ ಕಲಂ ಹೇಳುತ್ತದೆ. ಆ ಒಪ್ಪಿಗೆಯನ್ನು ಕಾಂಗ್ರೆಸ್ ಕಾಯಿದೆಯ ರೂಪದಲ್ಲೇ ಕೊಟ್ಟಿದೆ: ರಾಜ್ಯ ತನ್ನದೇ ರಕ್ಷಣಾ ಪಡೆ ಕಟ್ಟಿಕೊಳ್ಳಬಹುದು, ಅದನ್ನು ದೇಶದ ಸಶಸ್ತ್ರ ಪಡೆಗಳಿಗೆ ಎಳೆದುಕೊಳ್ಳುವಂತಿಲ್ಲ. ಮೇಷ್ಟ್ರು ತಮಗೆ ಹೇಳಿದ್ದು ಇದನ್ನೇ. ಇದಕ್ಕೆ ಕಾರಣವಾದದ್ದು ಯುದ್ಧಗಳ ಅನುಭವ. ಮೊದಲ ಮಹಾಯುದ್ಧದಲ್ಲೂ ಎರಡನೆಯದರಲ್ಲೂ ನ್ಯಾಷನಲ್ ಗಾರ್ಡ್ ಇಡಿಯಾಗಿ ಹೊರಟುಹೋದಾಗ ಸೇತುವೆ, ಬಂದರು, ಕಾರ್ಖಾನೆಗಳನ್ನು ಕಾಯಲು ಊರಿನಲ್ಲಿ ಉಳಿದವರನ್ನೇ ಸೇರಿಸಿ ಪಡೆ ಕಟ್ಟಬೇಕಾಯಿತು.

ಇದು ಹಳೆಯ ಕಥೆಯಲ್ಲ. 2025ರ ಜೂನ್‌ನಲ್ಲಿ ಗವರ್ನರ್ ವಿರೋಧಿಸಿದರೂ ಕ್ಯಾಲಿಫೋರ್ನಿಯದ ಸುಮಾರು 4,000 ಗಾರ್ಡ್‌ಗಳನ್ನು ಅಧ್ಯಕ್ಷರು ತಮ್ಮ ವಶಕ್ಕೆ ತೆಗೆದುಕೊಂಡು ಲಾಸ್ ಏಂಜಲೀಸ್ ಪ್ರದೇಶಕ್ಕೆ ಕಳುಹಿಸಿದರು. ಕಾಳ್ಗಿಚ್ಚು ತಡೆಯುವ ತಂಡದಿಂದಲೂ ಜನರನ್ನು ಎಳೆದುಕೊಂಡರೆಂದು ರಾಜ್ಯ ದೂರಿತು. ಬೆಂಕಿಯ ಕಾಲದಲ್ಲಿ ರಾಜ್ಯದ ಕೈ ಬರಿದಾಗಬಾರದು ಎಂಬ ವಾದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ರಾಜ್ಯದ ಹಣ, ರಾಜ್ಯದ ಜನ, ರಾಜ್ಯದ ಆಜ್ಞೆ, ಈ ಮೂರೂ ಒಂದೇ ಕಡೆ ಇರುವ ಪಡೆಯೊಂದು ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ತಾವು ಸೇರಿ ಎಂದೇ ಹೇಳುತ್ತೇನೆ.

ಉತ್ತರ 2: ಟ್ಯಾಂಪಾ ಕನ್ನಡಿಗ

ಫ್ಲೋರಿಡಾದ ಅನುಭವವನ್ನು ಮಾತ್ರ ಸೇರಿಸುತ್ತೇನೆ. ಇಲ್ಲಿನ ಸ್ಟೇಟ್ ಗಾರ್ಡ್ 1947ರಲ್ಲಿ ಮುಚ್ಚಿಹೋಗಿತ್ತು. 2022ರಲ್ಲಿ ಚಂಡಮಾರುತದ ಪರಿಹಾರಕ್ಕೆಂದು ಹೇಳಿ ಮತ್ತೆ ತೆರೆದರು. ಆಗ ಗೊತ್ತುಪಡಿಸಿದ ಸಂಖ್ಯೆ 400. ಮರುವರ್ಷವೇ ಅದು 1,500ಕ್ಕೆ ಏರಿತು. ಶಸ್ತ್ರ ಹಿಡಿಯುವ, ಬಂಧಿಸುವ ಅಧಿಕಾರವುಳ್ಳ ವಿಶೇಷ ತುಕಡಿಗೂ ಕಾನೂನಿನಲ್ಲಿ ಜಾಗ ಸಿಕ್ಕಿತು. ಪರಿಹಾರದ ಕೆಲಸವೆಂದು ನಂಬಿ ಬಂದವರಲ್ಲಿ ಕೆಲವರು ತರಬೇತಿ ಯುದ್ಧದ ತಾಲೀಮಿನಂತಿದೆ ಎಂದು ಬೇಸರಪಟ್ಟು ಬಿಟ್ಟುಹೋದದ್ದು ಪತ್ರಿಕೆಗಳಲ್ಲಿ ಬಂತು. 2024ರಲ್ಲಿ ಈ ಪಡೆಯವರನ್ನು ಟೆಕ್ಸಸ್ ಗಡಿಗೆ ಕಳುಹಿಸುವುದಾಗಿ ಗವರ್ನರ್ ಪ್ರಕಟಿಸಿದರು. ಚಂಡಮಾರುತಕ್ಕೆಂದು ಕಟ್ಟಿದ್ದು ಎರಡೇ ವರ್ಷದಲ್ಲಿ ಎಲ್ಲಿಗೆ ಬಂದು ನಿಂತಿತು ನೋಡಿ. ಸೇರುವ ಮುನ್ನ ತಮ್ಮ ರಾಜ್ಯದ ಕಾಯಿದೆಯನ್ನು ಪೂರ್ತಿ ಓದಿ.

ಉತ್ತರ 3: ಮೈಸೂರಿನ ಹಿರಿಯರೊಬ್ಬರು

ಚರ್ಚೆ ಓದಿ ಸಂತೋಷವಾಯಿತು. ಹ್ಯೂಸ್ಟನ್ನಿನ ಸ್ನೇಹಿತರು ನಮ್ಮ ದೇಶದ ಬಗ್ಗೆ ಕೇಳಿದ್ದಾರೆ. ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು, ಉತ್ತರ ಸ್ವಲ್ಪ ಉದ್ದವಾದರೆ ಮನ್ನಿಸಬೇಕು.

ಸ್ವಂತ ಸೈನ್ಯವಿಲ್ಲದ ರಾಜ್ಯ ಏನಾಗುತ್ತದೆ ಎಂಬುದನ್ನು ಮೈಸೂರು ಅನುಭವಿಸಿ ತಿಳಿದಿದೆ. ಟಿಪ್ಪು ಸುಲ್ತಾನರ ಮರಣಾನಂತರ 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮೈಸೂರಿನೊಂದಿಗೆ ಮಾಡಿಕೊಂಡ ಸಹಾಯಕ ಸೈನ್ಯ ಒಪ್ಪಂದದಲ್ಲಿ ರಾಜ್ಯದ ರಕ್ಷಣೆಯ ಹೊಣೆ ಕಂಪನಿಯದು, ಅದಕ್ಕಾಗಿ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕಾದದ್ದು ಮೈಸೂರು. ಹಣ ಬರುವುದು ಅನುಮಾನವೆಂದು ಕಂಡರೆ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಳ್ಳುವ ಹಕ್ಕನ್ನೂ ಕಂಪನಿ ಅದೇ ಒಪ್ಪಂದದಲ್ಲಿ ಬರೆಸಿಕೊಂಡಿತ್ತು. 1830-31ರ ನಗರ ದಂಗೆ, ಅಂದರೆ ಪ್ರಶ್ನೆ ಕೇಳಿದವರ ಸ್ವಂತ ಸೀಮೆಯ ರೈತರ ದಂಗೆ, ಆ ಹಕ್ಕನ್ನು ಚಲಾಯಿಸಲು ನೆಪವಾಯಿತು. 1831ರಲ್ಲಿ ಅರಸರ ಕೈ ತಪ್ಪಿದ ಆಡಳಿತ ಮರಳಿ ಬಂದದ್ದು 1881ರಲ್ಲಿ, 50 ವರ್ಷಗಳ ನಂತರ. ಕಾವಲಿನವನಿಗೆ ಬೀಗದ ಕೈಯನ್ನೂ ಕೊಟ್ಟರೆ ಮನೆ ಯಾರದು ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಏಳುತ್ತದೆ. ಮಿನೆಸೋಟದ ಮಿತ್ರರ ಆತಂಕ ನನಗೆ ಅರ್ಥವಾಗುವುದು ಈ ಕಾರಣಕ್ಕೆ.

ಮುಂದೆ ಬ್ರಿಟಿಷರ ಮೇಲ್ವಿಚಾರಣೆಯಲ್ಲಿ ಸಂಸ್ಥಾನಗಳು ಸಣ್ಣ ಪಡೆಗಳನ್ನು ಸಾಕಿದವು. ಮೈಸೂರು ಲ್ಯಾನ್ಸರ್ಸ್ ಅಂಥದ್ದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದ ಕಾಳಗದಲ್ಲಿ ಜೋಧಪುರದ ಕುದುರೆ ಸವಾರರು ಪಟ್ಟಣದೊಳಕ್ಕೆ ನುಗ್ಗಿದರೆ, ನಮ್ಮವರು ಕಾರ್ಮೆಲ್ ಬೆಟ್ಟದ ಇಳಿಜಾರನ್ನು ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿದರು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಆ ಕಡೆ ಹೋದವರು ಒಮ್ಮೆ ನಿಂತು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಸ್ವಾತಂತ್ರ್ಯ ಬಂದಾಗ ಈ ಪಡೆಗಳನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ನಮ್ಮ ಸಂವಿಧಾನದಲ್ಲಿ 259ನೆಯ ವಿಧಿ ಎಂಬುದೊಂದು ಇತ್ತೆಂದು ಇಂದು ಹೆಚ್ಚಿನವರಿಗೆ ತಿಳಿದಿಲ್ಲ. ಹಿಂದಿನ ಸಂಸ್ಥಾನಗಳಿಂದ ರೂಪುಗೊಂಡ 'ಬಿ' ಭಾಗದ ರಾಜ್ಯಗಳು, ಅಂದರೆ ಮೈಸೂರಿನಂಥವು, ತಮ್ಮಲ್ಲಿದ್ದ ಸಶಸ್ತ್ರ ಪಡೆಯನ್ನು ಸಂಸತ್ತು ಬೇರೆ ಕಾನೂನು ಮಾಡುವವರೆಗೆ ಇಟ್ಟುಕೊಳ್ಳಬಹುದೆಂದು ಅದು ಹೇಳಿತ್ತು. ಜೊತೆಗೆ, ಆ ಪಡೆ ರಾಷ್ಟ್ರಪತಿಗಳ ಆದೇಶಕ್ಕೆ ಒಳಪಟ್ಟಿರುತ್ತದೆ, ಒಕ್ಕೂಟದ ಪಡೆಗಳ ಭಾಗವೇ ಆಗಿರುತ್ತದೆ ಎಂದೂ ಸೇರಿಸಿತ್ತು. 1951ರ ಏಪ್ರಿಲ್‌ನಲ್ಲಿ ಸಂಸ್ಥಾನಗಳ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನವಾದವು. ಮೈಸೂರು ಕಾಲ್ದಳ ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ ಆಯಿತು, ಲ್ಯಾನ್ಸರ್ಸ್ ಮುಂದೆ 61ನೆಯ ಅಶ್ವದಳಕ್ಕೆ ಸೇರಿತು. 1956ರ ಏಳನೆಯ ತಿದ್ದುಪಡಿ ಆ ವಿಧಿಯನ್ನೇ ತೆಗೆದುಹಾಕಿತು. ದೇಶದ ರಕ್ಷಣೆ ಮತ್ತು ಮೂರೂ ಸೇನೆಗಳು ಈಗ ಒಕ್ಕೂಟದ ಪಟ್ಟಿಯಲ್ಲಿವೆ, ಸಾರ್ವಜನಿಕ ಶಾಂತಿಪಾಲನೆ ಮತ್ತು ಪೊಲೀಸ್ ರಾಜ್ಯದ ಪಟ್ಟಿಯಲ್ಲಿವೆ.

ಇಲ್ಲಿಗೆ ಜಗಳ ತೀರಿತೆಂದು ತಿಳಿಯಬಾರದು. 1968ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ನೌಕರರ ಮುಷ್ಕರದ ವೇಳೆ ಕೇಂದ್ರವು ತನ್ನ ಮೀಸಲು ಪೊಲೀಸ್ ಪಡೆಯಾದ ಸಿ.ಆರ್.ಪಿ.ಯನ್ನು ರಾಜ್ಯವನ್ನು ಕೇಳದೆಯೇ ಕೇರಳಕ್ಕೆ ಕಳುಹಿಸಿದಾಗ ನಂಬೂದಿರಿಪಾಡ್ ಸರ್ಕಾರ ಬಲವಾಗಿ ಪ್ರತಿಭಟಿಸಿತ್ತು. ತುರ್ತು ಪರಿಸ್ಥಿತಿಯ ಕಾಲದ 42ನೆಯ ತಿದ್ದುಪಡಿ ಅಂಥ ನಿಯೋಜನೆಗೆ ಸಂವಿಧಾನದಲ್ಲೇ ನೆಲೆ ಮಾಡಿಕೊಟ್ಟಿತು. ಅದರಲ್ಲಿ ಒಂದು ಭಾಗವನ್ನು 44ನೆಯ ತಿದ್ದುಪಡಿ ತೆಗೆದರೂ ಒಕ್ಕೂಟದ ಪಟ್ಟಿಯ 2ಎ ನಮೂದು ಹಾಗೆಯೇ ಉಳಿದಿದೆ.

ಆದರೂ ನಮ್ಮ ರಾಜ್ಯಕ್ಕೆ ಸೈನ್ಯ ಬೇಕೆಂದು ನಾನು ಹೇಳಲಾರೆ. ಹ್ಯೂಸ್ಟನ್ನಿನ ಆ ಮೇಷ್ಟ್ರಿಗೆ ಸಮಾನರಾದವರು ನಮ್ಮಲ್ಲಿ ಈಗಾಗಲೇ ಇದ್ದಾರೆ, ಅವರು ಗೃಹರಕ್ಷಕರು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಕಂಬಳಿ, ಅಕ್ಕಿ ಹೊತ್ತ ವಾಹನದೊಂದಿಗೆ ಮಡಿಕೇರಿಗೆ ಹೋಗಿದ್ದೆ. ಅರ್ಧ ರಸ್ತೆ ಕಡಿದುಬಿದ್ದ ತಿರುವಿನಲ್ಲಿ ಖಾಕಿ ತೊಟ್ಟ ಒಬ್ಬ ಗೃಹರಕ್ಷಕ, ಪ್ಲಾಸ್ಟಿಕ್ ಹಾಳೆಯನ್ನು ಕೊಪ್ಪೆಯಂತೆ ತಲೆಗೆ ಹೊದ್ದು, ಸೀಟಿ ಊದುತ್ತ ಒಂದೊಂದೇ ವಾಹನವನ್ನು ಬಿಡುತ್ತಿದ್ದ. ಬೆಳಿಗ್ಗೆ ಹೋಗುವಾಗ ಇದ್ದವನು ಸಂಜೆ ಮರಳುವಾಗಲೂ ಅಲ್ಲಿಯೇ ಇದ್ದ. ಕೇಳಿದರೆ ದರ್ಜಿ ಕೆಲಸದವನು, ಕರೆ ಬಂದ ದಿನ ಮಾತ್ರ ಖಾಕಿ ಎಂದ. ದಿನಭತ್ಯೆ ಎಷ್ಟು, ಎಂದು ಕೈಸೇರುತ್ತದೆ ಎಂದು ಕೇಳಿದಾಗ ಸುಮ್ಮನೆ ತಲೆಯಾಡಿಸಿದ. ಕರ್ನಾಟಕದ ಗೃಹರಕ್ಷಕ ದಳಕ್ಕೆ 1962ರಿಂದ ಕಾಯಿದೆಯ ಆಧಾರವಿದೆ. ಆತನಿಗೆ ಒಳ್ಳೆಯ ಮಳೆ ಅಂಗಿ, ಹಗ್ಗ, ಪ್ರಥಮ ಚಿಕಿತ್ಸೆಯ ತರಬೇತಿ, ವಿಮೆ ಇವುಗಳನ್ನು ಒದಗಿಸುವುದು ರಾಜ್ಯದ ಕೈಯಲ್ಲೇ ಇದೆ. ಅದಕ್ಕೆ ದೆಹಲಿಯ ಅಪ್ಪಣೆಯನ್ನು ಕಾಯಬೇಕಿಲ್ಲ.

ಉತ್ತರ 4: ಕಲಬುರಗಿಯಿಂದ

ಮೈಸೂರಿನ ಹಿರಿಯರ ಬರಹಕ್ಕೆ ಗೌರವಪೂರ್ವಕವಾಗಿ ಒಂದು ಮಾತು ಸೇರಿಸಬೇಕಿದೆ. ಸ್ವಂತ ಸೈನ್ಯವಿಲ್ಲದ ಸಂಸ್ಥಾನದ ಪಾಡನ್ನು ಅವರು ಹೇಳಿದರು. ಸ್ವಂತ ಸೈನ್ಯವಿದ್ದ ಸಂಸ್ಥಾನದಲ್ಲಿ ಪ್ರಜೆಗಳ ಪಾಡೇನಾಯಿತು ಎಂಬುದನ್ನು ನಮ್ಮ ಭಾಗದವರು ಹೇಳಬಲ್ಲೆವು.

ಹೈದರಾಬಾದ್ ನಿಜಾಮರಿಗೆ ಸೈನ್ಯವಿತ್ತು. ಅದರ ಪಕ್ಕದಲ್ಲಿ ಕಾಸಿಂ ರಜ್ವಿಯ ಖಾಸಗಿ ಸಶಸ್ತ್ರ ಪಡೆಯಾದ ರಜಾಕಾರರೂ ಇದ್ದರು. ಸೈನ್ಯಕ್ಕಾದರೂ ಅಧಿಕಾರಿ, ಶಿಸ್ತು, ದಾಖಲೆ ಇರುತ್ತವೆ. ರಜಾಕಾರರು ಯಾರಿಗೆ ಉತ್ತರ ಕೊಡಬೇಕಾದವರು ಎಂಬುದೇ ಜನರಿಗೆ ಗೊತ್ತಿರಲಿಲ್ಲ. ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ನಮ್ಮ ಭಾಗದ ಮನೆಮನೆಯ ನೆನಪು. ನಮ್ಮ ಅಜ್ಜಿ ಜೋಳದ ಹಗೇವಿನ ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಎರಡು ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ನಡೆದು ಸೊಲ್ಲಾಪುರದ ಕಡೆಗೆ ಹೋದವಳು. ಮರಳಿ ಬಂದಾಗ ಹಗೇವು ಹಾಗೆಯೇ ಇತ್ತು, ಮನೆಯ ಬಾಗಿಲು ಇರಲಿಲ್ಲ ಎಂದು ಕೊನೆಯವರೆಗೂ ಹೇಳುತ್ತಿದ್ದಳು. ಆ ವರ್ಷದ ಸೆಪ್ಟೆಂಬರ್ 13ರಂದು ಭಾರತದ ಸೇನೆ ಬಂತು, 17ರಂದು ನಿಜಾಮರು ಶರಣಾದರು. ಅದರ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆಯೂ ಭೀಕರವಾಗಿತ್ತು. ಕೇಂದ್ರ ಸರ್ಕಾರ ಕಳುಹಿಸಿದ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು ಹತ್ತಾರು ಸಾವಿರಗಳಲ್ಲಿ ಅಂದಾಜಿಸಿತ್ತು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಕಾನೂನಿನ ಹಿಡಿತದಲ್ಲಿಲ್ಲದ ಆಯುಧ ಯಾರ ಕೈಯಲ್ಲಿದ್ದರೂ ಅಜ್ಜಿಯ ಮನೆಗೆ ಬಾಗಿಲಿರುವುದಿಲ್ಲ.

ಇದು ಅರಸೊತ್ತಿಗೆಯ ಕಾಲದ ಮಾತೆಂದು ತಳ್ಳಿಹಾಕುವಂತೆಯೂ ಇಲ್ಲ. ಛತ್ತೀಸಗಡದಲ್ಲಿ ಚುನಾಯಿತ ಸರ್ಕಾರವೇ ಆದಿವಾಸಿ ಯುವಕರನ್ನು ವಿಶೇಷ ಪೊಲೀಸ್ ಅಧಿಕಾರಿಗಳೆಂದು ನೇಮಿಸಿ, 2 ತಿಂಗಳ ತರಬೇತಿ ಕೊಟ್ಟು, ತಿಂಗಳಿಗೆ 3,000 ರೂಪಾಯಿ ಗೌರವಧನಕ್ಕೆ ನಕ್ಸಲರ ಎದುರು ನಿಲ್ಲಿಸಿತು. 2011ರ ಜುಲೈ 5ರಂದು ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರವೆಂದು ಸಾರಿತು. 2021ರ ಜುಲೈ 26ರಂದು ಲೈಲಾಪುರದಲ್ಲಿ ಅಸ್ಸಾಂ ಮತ್ತು ಮಿಜೋರಾಂ ಗಡಿ ವಿವಾದ ಗುಂಡಿನ ಕಾಳಗಕ್ಕೆ ತಿರುಗಿ ಅಸ್ಸಾಂನ ಪೊಲೀಸರು ಪ್ರಾಣ ಕಳೆದುಕೊಂಡರು. ಇಬ್ಬರದೂ ಒಂದೇ ದೇಶ, ಇಬ್ಬರೂ ಸರ್ಕಾರಿ ಸಮವಸ್ತ್ರದವರು. ಬೆಳಗಾವಿಯ ಗಡಿಯೂ ಕಾವೇರಿಯ ನೀರೂ ಇರುವ ರಾಜ್ಯದವರಾದ ನಾವು ಆ ದಿನವನ್ನು ಮರೆಯಬಾರದು. ಪೊಲೀಸರ ಬಳಿ ಇರುವ ಬಂದೂಕಿನಿಂದಲೇ ಇಷ್ಟಾಗುವುದಾದರೆ, ರಾಜ್ಯಕ್ಕೊಂದು ಸೈನ್ಯವಿದ್ದರೆ ಏನಾದೀತು? ಮಿನೆಸೋಟದವರು ಇದಕ್ಕೆ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 5: ಮಿನೆಸೋಟದಿಂದ

ತಮ್ಮ ಅಜ್ಜಿಯ ಕಥೆಯನ್ನು ಎರಡು ಬಾರಿ ಓದಿದೆ. ನಾನು ಮೊದಲು ಬರೆದಾಗ ಒಂದು ಘಟನೆಯನ್ನು ಬಿಟ್ಟಿದ್ದೆ, ಅದು ತಮ್ಮ ಮಾತಿಗೆ ಬಲ ಕೊಡುತ್ತದೆ. ಈಗ ಬರೆಯುತ್ತೇನೆ.

1957ರ ಸೆಪ್ಟೆಂಬರ್ 4ರಂದು ಆರ್ಕನ್ಸಾ ರಾಜ್ಯದ ಲಿಟಲ್ ರಾಕ್ ನಗರದ ಸೆಂಟ್ರಲ್ ಹೈಸ್ಕೂಲಿಗೆ ಸೇರಲು ಬಂದ 9 ಮಂದಿ ಕಪ್ಪು ವಿದ್ಯಾರ್ಥಿಗಳನ್ನು ಬಾಗಿಲಲ್ಲೇ ತಡೆದು ನಿಂತದ್ದು ಗವರ್ನರ್ ಓರ್ವಲ್ ಫೌಬಸ್ ಕಳುಹಿಸಿದ ನ್ಯಾಷನಲ್ ಗಾರ್ಡ್. ನ್ಯಾಯಾಲಯದ ಆದೇಶದ ಮೇಲೆ ಗಾರ್ಡ್ ಹಿಂದೆ ಸರಿದ ಮೇಲೆ ಉದ್ರಿಕ್ತ ಗುಂಪು ಶಾಲೆಯನ್ನು ಮುತ್ತಿತು. 24ರಂದು ಅಧ್ಯಕ್ಷ ಐಸೆನ್‌ಹೋವರ್ 101ನೆಯ ವಾಯುವಾಹಿತ ಡಿವಿಷನ್ನಿನ ಸೈನಿಕರನ್ನು ಕಳುಹಿಸಿ, ಜೊತೆಗೆ ರಾಜ್ಯದ ಸುಮಾರು 10,000 ಗಾರ್ಡ್‌ಗಳನ್ನು ತಮ್ಮ ಆಜ್ಞೆಗೆ ತೆಗೆದುಕೊಂಡರು. ಮೂರು ವಾರದ ಹಿಂದೆ ಮಕ್ಕಳನ್ನು ತಡೆದ ಪಡೆ ಈಗ ಮಕ್ಕಳನ್ನು ಕಾಯುವ ಪಡೆಯಾಯಿತು. ಅಂದು ಆ ಬಾಗಿಲಲ್ಲಿ ನಿಂತಿದ್ದದ್ದು ಅಧ್ಯಕ್ಷರ ಕೈಗೆ ಸಿಗದ ಪಡೆಯಾಗಿದ್ದರೆ ದೇಶದ ಸೈನಿಕರೂ ರಾಜ್ಯದ ಸೈನಿಕರೂ ಎದುರುಬದುರಾಗಬೇಕಿತ್ತು.

ಪರ್ಪಿಚ್ ತೀರ್ಪಿನ ಅಡಿಟಿಪ್ಪಣಿಯೊಂದರಲ್ಲಿ ನ್ಯಾಯಾಲಯ ಇದಕ್ಕೂ ಒಂದು ಕಿಂಡಿ ಬಿಟ್ಟಿದೆ: ಸ್ಟೇಟ್ ಗಾರ್ಡ್‌ಗಳನ್ನು ಸಶಸ್ತ್ರ ಪಡೆಗಳಿಗೆ ಸೇರಿಸಿಕೊಳ್ಳುವಂತಿಲ್ಲವಾದರೂ, ದಂಗೆಯನ್ನು ಅಡಗಿಸುವಂಥ ಸಂದರ್ಭದಲ್ಲಿ ಮಿಲಿಶಿಯಾ ಎಂಬ ನೆಲೆಯಲ್ಲಿ ಅಧ್ಯಕ್ಷರು ಕರೆಯಲು ಸಾಧ್ಯವಿರಬಹುದು ಎಂದು. ಆ ಕಿಂಡಿ ಇರುವುದು ಒಳ್ಳೆಯದೆಂದು ಈಗ ನನಗನಿಸುತ್ತದೆ. ನನ್ನ ಅಭಿಪ್ರಾಯವನ್ನು ಹೀಗೆ ತಿದ್ದಿಕೊಳ್ಳುತ್ತೇನೆ: ರಾಜ್ಯದ ಸ್ವಂತ ಪಡೆ ಇರಲಿ, ಅದರ ಕೈಯಲ್ಲಿ ದೋಣಿ, ರೇಡಿಯೊ, ಔಷಧದ ಪೆಟ್ಟಿಗೆ, ಗರಗಸ ಇರಲಿ. ಬಂದೂಕು ಬೇಡ. ಗಾರ್ಡ್‌ಗಳು ದೂರ ಹೋದಾಗ ರಾಜ್ಯಕ್ಕೆ ಕೊರತೆಯಾಗುವುದು ಕೆಲಸಕ್ಕೆ ಒದಗುವ ಕೈಗಳೇ ಹೊರತು ಗುಂಡುಗಳಲ್ಲ.

ಉತ್ತರ 6: ಹ್ಯೂಸ್ಟನ್ ವಾಸಿ

ಎಲ್ಲರಿಗೂ ಕೃತಜ್ಞತೆಗಳು. ನಗರ ದಂಗೆಯ ಹೆಸರನ್ನು ಚಿಕ್ಕಂದಿನಲ್ಲಿ ಕೇಳಿದ್ದೆ. ಅದಕ್ಕೂ ಈ ಪ್ರಶ್ನೆಗೂ ನಂಟಿದೆಯೆಂದು ಮೈಸೂರಿನ ಹಿರಿಯರು ತೋರಿಸಿಕೊಡುವ ತನಕ ಹೊಳೆದಿರಲಿಲ್ಲ. ಕಲಬುರಗಿಯವರ ಬರಹವನ್ನು ತಾಯಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ, ಆಮೇಲೆ "ಆ ಮೇಷ್ಟ್ರ ಹತ್ತಿರ ಬಂದೂಕು ಇತ್ತೇನೋ?" ಎಂದು ಕೇಳಿದರು. ಇರಲಿಲ್ಲ. ಪಟ್ಟಿಗಳ ಕಟ್ಟು, ಸ್ಕ್ಯಾನರ್, ಒಂದು ಪೆನ್ನು, ಅಷ್ಟೆ. ಇದ್ದಿದ್ದರೆ ತಾನು ಮಾತ್ರೆಯ ವಿಷಯ ಬಾಯಿಬಿಡುತ್ತಿರಲಿಲ್ಲ ಎಂದರು.

ನನ್ನ ತೀರ್ಮಾನ ಅರ್ಧ ಆಗಿದೆ. ವೈದ್ಯಕೀಯ ಮತ್ತು ಪರಿಹಾರ ಕೇಂದ್ರದ ಕೆಲಸಕ್ಕೆ ಮಾತ್ರ ಹೆಸರು ಕೊಡಲು ಅವಕಾಶವಿದೆಯೆ, ಗಡಿಯ ಕೆಲಸಕ್ಕೆ ಒಲ್ಲೆನೆಂದು ಹೇಳಬಹುದೆ, ಹಾಗೆಂದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಈ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಸಿಕ್ಕರೆ ಅರ್ಜಿಗೆ ಸಹಿ ಹಾಕುತ್ತೇನೆ. ಟ್ಯಾಂಪಾದ ಮಿತ್ರರು ಹೇಳಿದಂತೆ ರಾಜ್ಯದ ಕಾಯಿದೆಯನ್ನು ಮುದ್ರಿಸಿಕೊಂಡು ಓದುತ್ತಿದ್ದೇನೆ. ಬರುವ ಶನಿವಾರ ಅವರ ತಾಲೀಮು ನೋಡಲು ಹೋಗುತ್ತೇನೆ. ಮೇಷ್ಟ್ರು ಇನ್ನೂ ಪಡೆಯಲ್ಲಿದ್ದಾರೆಂದು ಸಹೋದ್ಯೋಗಿ ತಿಳಿಸಿದ್ದಾರೆ. ಮೂರು ಪ್ರಶ್ನೆಗಳನ್ನೂ ಮೊದಲು ಅವರ ಮುಂದೆಯೇ ಇಡುತ್ತೇನೆ.